ರೇಡಿಯೇಷನ್ ಆದ ಮೇಲೆ ಅಪ್ಪ ಎಷ್ಟು ತಿಂಗಳು ಇರುತ್ತಾರೆ? ದುಬೈಯಲ್ಲಿರುವ ತಮ್ಮನಿಗೆ ಯಾವಾಗ ಬಾ ಅನ್ನಲಿ?

ನಾನೂ ಇದನ್ನೇ ಕೇಳಿದ್ದೆ. ಅಮ್ಮನಿಗೂ ನಿಮ್ಮ ತಂದೆಯ ಹಾಗೇ ಶ್ವಾಸಕೋಶದ ಕ್ಯಾನ್ಸರ್ ಮಿದುಳಿಗೆ ಹರಡಿತ್ತು. ಇಡೀ ತಲೆಗೆ ಹತ್ತು ಸಿಟ್ಟಿಂಗ್ ರೇಡಿಯೇಷನ್, ಒಟ್ಟು 30 ಗ್ರೇ ಪ್ರಮಾಣ. ಬನಶಂಕರಿಯಿಂದ ದಿನಾ ಆಟೋ.

ಮೊದಲ ದಿನವೇ ಆಸ್ಪತ್ರೆ ಕಾರಿಡಾರಿನಲ್ಲಿ ಕೂತು ಫೋನಿನಲ್ಲಿ ಲೆಕ್ಕ ಹಾಕಿದೆ. ಆರ್‌ಪಿಎ ಅಂತ 1997ರ ಒಂದು ವರ್ಗೀಕರಣ ಇದೆ, ಕ್ಯಾನ್ಸರ್ ಮಿದುಳಿಗೆ ಹರಡಿದವರು ಎಷ್ಟು ದಿನ ಇರಬಹುದು ಅಂತ ಅಂದಾಜು ಮಾಡೋಕೆ. ಅದರಲ್ಲಿ ಕಾರ್ನೋಫ್‌ಸ್ಕಿ ಅಂಕ (ರೋಗಿ ತನ್ನ ಕೆಲಸ ತಾನು ಎಷ್ಟು ಮಾಡಿಕೊಳ್ಳಬಲ್ಲ ಅಂತ ನೂರಕ್ಕೆ ಕೊಡೋದು) 70ಕ್ಕಿಂತ ಕಡಿಮೆ ಇದ್ದರೆ, ವಯಸ್ಸು ಗಿಯಸ್ಸು ನೋಡದೆ ನೇರ ಮೂರನೇ ವರ್ಗ. ಅರ್ಧ ಜನ 2.3 ತಿಂಗಳೊಳಗೆ ಹೋಗುತ್ತಾರೆ. 70 ಅಂದರೆ ದುಡಿಯೋಕೆ ಆಗದಿದ್ದರೂ ಸ್ನಾನ, ಊಟ, ಬಟ್ಟೆ ತಾನೇ ನೋಡಿಕೊಳ್ಳೋದು. ಅಮ್ಮ ಅವತ್ತು ಚಮಚ ಹಿಡಿಯಲಾಗದೆ ಮೊಸರನ್ನ ಸೆರಗಿನ ಮೇಲೆ ಚೆಲ್ಲಿಕೊಂಡಿದ್ದಳು. 50 ಕೊಟ್ಟೆ.

ಎಡವಿದ್ದು ಇಲ್ಲೇ. ಅವಳನ್ನು ಮಲಗಿಸಿದ್ದು ಗಡ್ಡೆಗಿಂತ ಜಾಸ್ತಿ ಅದರ ಸುತ್ತಲಿನ ಊತ. ಊತ ಇಳಿಸುವ ಡೆಕ್ಸಾಮೆಥಸೋನ್ ಔಷಧಿ ಆಗಷ್ಟೇ ಶುರುವಾಗಿತ್ತು. ನಾಲ್ಕನೇ ದಿನ ತಾನೇ ಎದ್ದು ಜಡೆ ಹಾಕಿಕೊಂಡು, ‘ಡಿಕಾಕ್ಷನ್ ಯಾರು ಹಾಕಿದ್ದು, ಬರೀ ನೀರು’ ಅಂತ ಬೈದಳು. ಅದೇ ಅಮ್ಮ, ಅದೇ ಗಡ್ಡೆ, ಅಂಕ ಮಾತ್ರ 70. ನಾನು ತಿರುಗಿ ಲೆಕ್ಕ ಹಾಕಲಿಲ್ಲ. ಅಷ್ಟರಲ್ಲಿ ಅಮೆರಿಕದಲ್ಲಿದ್ದ ಅಣ್ಣನಿಗೆ ‘ಎರಡು ತಿಂಗಳು ಅಷ್ಟೇ’ ಅಂದುಬಿಟ್ಟಿದ್ದೆ. ಇದ್ದಬದ್ದ ರಜೆಯೆಲ್ಲ ಹಾಕಿ ಓಡಿಬಂದ. ಆರು ವಾರ ಕಾದ. ಕಾದ ಅಂತ ಬರೆಯೋಕೂ ನಾಚಿಕೆ. ವಾಪಸ್ ಹೋದ. ಅಮ್ಮ ತೀರಿಕೊಂಡಿದ್ದು ಹದಿನಾಲ್ಕು ತಿಂಗಳಿಗೆ. ಅವನು ವಿಡಿಯೋ ಕಾಲಿನಲ್ಲಿ ನೋಡಿದ.

ಇನ್ನೊಂದು: ಆ 2.3 ಬಂದಿದ್ದು 1979ರಿಂದ 1993ರ ನಡುವಿನ ರೋಗಿಗಳಿಂದ. ಇಜಿಎಫ್‌ಆರ್ ಅನ್ನೋ ಜೀನ್ ಬದಲಾಗಿದ್ದರೆ ಕೊಡುವ ಮಾತ್ರೆಗಳು ಆಗ ಇರಲೇ ಇಲ್ಲ. ಅಮ್ಮನ ಇಜಿಎಫ್‌ಆರ್ ರಿಪೋರ್ಟ್ ಪಾಸಿಟಿವ್ ಅಂತ ಬಂದಿದ್ದು ಮೂರನೇ ವಾರ. 2017ರ ಲಂಗ್-ಮಾಲ್‌ಜಿಪಿಎ ಅನ್ನೋ ಇಂಥದೇ ಇನ್ನೊಂದು ಅಂದಾಜು ಈ ಜೀನನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅದರಲ್ಲಿ ತುಂಬಾ ಒಳ್ಳೆಯ ಅಂಕದವರಲ್ಲಿ ಅರ್ಧ ಜನ ಹತ್ತಿರ ಹತ್ತಿರ ನಾಲ್ಕು ವರ್ಷ ಇಲ್ಲಾ ಇನ್ನೂ ಹೆಚ್ಚು ಇರುತ್ತಾರೆ.

ಹಾಗಾಗಿ ‘ಎಷ್ಟು ತಿಂಗಳು’ ಅಂತ ಕೇಳೋದೇ ತಪ್ಪು ಅಂತೀನಿ. ಜೀನ್ ರಿಪೋರ್ಟ್ ಬಂತಾ, ಊತ ಇಳಿದ ಮೇಲೆ ಅಪ್ಪ ಎಷ್ಟು ಓಡಾಡುತ್ತಾರೆ, ಇವನ್ನು ಕೇಳಿ. ಆಗಲೂ ಹಾಸಿಗೆಯಲ್ಲೇ ಇದ್ದರೆ ರೇಡಿಯೇಷನ್ ಬೇಕಾ ಅಂತಲೂ ಡಾಕ್ಟರನ್ನು ಕೇಳಿ. ಶ್ವಾಸಕೋಶದ ಕ್ಯಾನ್ಸರ್ ಮಿದುಳಿಗೆ ಹರಡಿದ 538 ಜನರ ಮೇಲೆ ನಡೆದ ಕ್ವಾರ್ಟ್ಜ್ ಪ್ರಯೋಗದಲ್ಲಿ ರೇಡಿಯೇಷನ್ ಕೊಟ್ಟವರಲ್ಲಿ ಅರ್ಧ ಜನ 9.2 ವಾರದೊಳಗೆ ಹೋದರು, ಕೊಡದವರಲ್ಲಿ 8.5 ವಾರದೊಳಗೆ. ಅಷ್ಟಕ್ಕೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ದಿನಾ ಅಲೆಸಬೇಕಾ?

ತಮ್ಮನಿಗೆ ಈಗಲೇ ಬಂದು ಒಂದು ವಾರ ಇದ್ದು ಹೋಗು ಅನ್ನಿ. ಉಳಿದ ರಜೆ ಮುಟ್ಟಬೇಡ ಅನ್ನಿ.