ಪ್ರತಿಕ್ರಿಯೆ: ಕಬ್ಬನ್ ಅನ್ನುವುದು ಎಲ್ಲಿಯ ಅಡ್ಡಹೆಸರು?

ಕಬ್ಬನ್ ಪಾರ್ಕಿನ ಕಬ್ಬನ್ ಇಂಗ್ಲೆಂಡಿನ ಹೆಸರಾ ಎಂದು ಕೇಳಿದ್ದೀರಿ. ಅಲ್ಲ, ಅದು ಐಲ್ ಆಫ್ ಮ್ಯಾನ್ ದ್ವೀಪದ್ದು. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಕಡಲಲ್ಲಿದೆ ಆ ಪುಟ್ಟ ದ್ವೀಪ. ಅಲ್ಲಿ 'ಮ್ಯಾಕ್' ಅಂದರೆ ಮಗ. ಕಾಲ ಕಳೆದಂತೆ ಅದರ 'ಮ' ಉದುರಿ 'ಕ' ಮಾತ್ರ ಉಳಿಯಿತು. ಹಾಗಾಗಿ ಕ್ವೇಲ್, ಕೆಲ್ಲಿ, ಕರ್ಮೋಡ್ ಹೀಗೆ 'ಕ'ದಿಂದ ಶುರುವಾಗುವ ಹೆಸರುಗಳೇ ಅಲ್ಲಿ ಜಾಸ್ತಿ. ಕಬ್ಬನ್‌ಗೆ 'ಗಿಬ್ಬನ್ನನ ಮಗ' ಎಂದು ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಇದರ ದಾಯಾದಿಯಂತಿರುವ ಮ್ಯಾಕಬಿನ್ ನೈಋತ್ಯ ಸ್ಕಾಟ್‌ಲೆಂಡಿನ ಗ್ಯಾಲೊವೇ ಕಡೆಯದು. ಅಲ್ಲಿ 'ಮ' ಉಳಿದುಕೊಂಡಿದೆ, ನೋಡಿ!

ಈ ಹೆಸರಿನವರನ್ನು ದ್ವೀಪದಾಚೆ ಹುಡುಕುವುದಾದರೆ ಮೊದಲು ಇಂಗ್ಲೆಂಡಿನ ಲಿವರ್‌ಪೂಲ್, ಲ್ಯಾಂಕಷೈರ್ ನೋಡಿ. 19ನೇ ಶತಮಾನದಲ್ಲಿ ದ್ವೀಪದವರು ಕೆಲಸ ಹುಡುಕಿ ಹೋಗುತ್ತಿದ್ದದ್ದು ಹೆಚ್ಚಾಗಿ ಅಲ್ಲಿಗೇ.

ಪಾರ್ಕಿನ ಹೆಸರಿನಲ್ಲಿರುವ ನಮ್ಮ ಮಾರ್ಕ್ ಕಬ್ಬನ್ ಮಾತ್ರ ಮೈಸೂರಿಗೆ ಬಂದು 1834ರಿಂದ 1861ರವರೆಗೆ ಕಮಿಷನರ್ ಆಗಿದ್ದರು. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಈ ಕಬ್ಬನ್‌ಗೆ ಸೋದರಮಾವ. ಅವರೂ ಅದೇ ದ್ವೀಪದವರೇ!