ನೆಂಟರೆಲ್ಲ ಮುಗಿದರು, ಟಾರ್ಗೆಟ್ ಮುಗಿಯಲಿಲ್ಲ

(ಮಾರಾಟದ ಕೆಲಸದಲ್ಲಿರುವ ಓದುಗರ ಪ್ರಶ್ನೆಗಳಿಗೆ ದಾವಣಗೆರೆಯ ನಿವೃತ್ತ ಸೇಲ್ಸ್ ಆಫೀಸರ್ ಉತ್ತರಿಸುತ್ತಾರೆ.)

ಪ್ರಶ್ನೆ: ಬಿಸ್ಕತ್ತು, ಕುರುಕಲು ತಿಂಡಿ ಮಾರುವ ಕಂಪನಿಯಲ್ಲಿ ಸೇಲ್ಸ್‌ಮನ್ ಆಗಿದ್ದೇನೆ. ವಯಸ್ಸು 26. ಆರು ಬೀಟ್ (ದಿನಕ್ಕೊಂದರಂತೆ ಸುತ್ತುವ ಅಂಗಡಿಗಳ ದಾರಿ), ದಿನಕ್ಕೆ 40 ಅಂಗಡಿ. ಅದರಲ್ಲಿ 18 ಅಂಗಡಿಯವರು ಆರ್ಡರ್ ಕೊಟ್ಟರೆ ಹೆಚ್ಚು, ಬಿಲ್ಲು ಸರಾಸರಿ 1,050 ರೂಪಾಯಿ. ತಿಂಗಳ ಟಾರ್ಗೆಟ್ 6 ಲಕ್ಷ, ನಾನು 4.70 ಲಕ್ಷದ ಆಸುಪಾಸಿನಲ್ಲೇ ನಿಲ್ಲುತ್ತೇನೆ. 95 ಪರ್ಸೆಂಟ್ ಮುಟ್ಟದಿದ್ದರೆ ಇನ್ಸೆಂಟಿವ್ ಒಂದು ರೂಪಾಯಿಯೂ ಇಲ್ಲ. ಎಎಸ್‌ಎಂ (ಏರಿಯಾ ಸೇಲ್ಸ್ ಮ್ಯಾನೇಜರ್) ಎಲ್ಲರೆದುರಿಗೆ 'ನಿನಗೆ ಕಮಿಟ್‌ಮೆಂಟ್ ಇಲ್ಲ' ಅಂತಾರೆ. ತಿಂಗಳ ಕೊನೆಗೆ ಅವರೇ 'ಎಲ್ಲಾದರೂ ಇಳಿಸಿ ಬಾ' ಅಂತಾರೆ. ಹಾಗೆ ಮಾಲು ಇಳಿಸಿದ ಮೂರು ಅಂಗಡಿಗಳ ಕಡೆ ಈಗ ಹೋಗಲು ಮುಖವಿಲ್ಲ. ಸರ್, ನನಗೆ ನಿಜವಾಗಿಯೂ ಕಮಿಟ್‌ಮೆಂಟ್ ಇಲ್ಲವೇ?
– ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ಕಮಿಟ್‌ಮೆಂಟ್ ಯಾರಿಗೆ ಅಂತ ನಿಮ್ಮ ಎಎಸ್‌ಎಂ ಹೇಳಿದರಾ? ಹೇಳಿರಲಾರರು. ನಾನೂ ಹನ್ನೆರಡು ವರ್ಷ ಹುಡುಗರಿಗೆ ಅದೇ ಮಾತು ಬೈದವನು, ಅದರಲ್ಲಿ 'ಯಾರಿಗೆ' ಅನ್ನುವುದನ್ನು ನಾನೂ ಹೇಳುತ್ತಿರಲಿಲ್ಲ.

ಮೊದಲು ಲೆಕ್ಕ ಮುಗಿಸೋಣ. ದಿನಕ್ಕೆ 18 ಬಿಲ್ಲು, 1,050 ರೂಪಾಯಿ, 25 ದಿನ ಅಂದರೆ 4,72,500. ನಿಮ್ಮ ಕಾಗದದಲ್ಲಿರುವ ಮೊತ್ತವೇ ಬಂತು, ಸುಳ್ಳು ಲೆಕ್ಕ ಬರೆದಿಲ್ಲ. 18ರ ಜಾಗದಲ್ಲಿ 23 ಬಿಲ್ಲು ಇಡಿ, 6 ಲಕ್ಷ ದಾಟುತ್ತದೆ. ನಿಮಗೂ ಟಾರ್ಗೆಟ್‌ಗೂ ನಡುವೆ ಇರುವುದು ದಿನಕ್ಕೆ ಐದು ಅಂಗಡಿ. ಒಂದೂಕಾಲು ಲಕ್ಷ ಅಂದುಕೊಂಡರೆ ಬೆಳಿಗ್ಗೆ ಏಳುವುದಕ್ಕೇ ಮನಸ್ಸಾಗುವುದಿಲ್ಲ, ಐದು ಅಂಗಡಿ ಅಂದರೆ ಗಾಡಿ ಒದೆಯಬಹುದು.

ಆ ಐದು ಅಂಗಡಿ ಎಲ್ಲಿವೆ? ಹೊಸ ಅಂಗಡಿ ಹುಡುಕಬೇಡಿ. ನಿಮ್ಮ 40ರೊಳಗೇ ಇವೆ. ನೀವು 'ಏನಾದ್ರೂ ಬೇಕಾ ಅಣ್ಣಾ' ಅಂತ ಗಾಡಿಯ ಮೇಲಿಂದಲೇ ಕೇಳಿ, ಅವರು ಕೈಯಾಡಿಸಿ, ನೀವು ಮುಂದೆ ಹೋಗುವ ಅಂಗಡಿಗಳು. ಅಲ್ಲಿ ಇಳಿಯಿರಿ. ಶೆಲ್ಫಿನಲ್ಲಿ ಹಿಂದೆ ಸರಿದ ಪ್ಯಾಕೆಟ್ ಮುಂದಕ್ಕೆ ಜೋಡಿಸಿ, ಹಳೆಯ ತಾರೀಖಿನದು ಮುಂದೆ, ಹೊಸದು ಹಿಂದೆ. ನಿಮ್ಮ ಕೈಯಲ್ಲಿ ಧೂಳು ಒರೆಸುವ ಬಟ್ಟೆ ಕಂಡರೆ ಅಂಗಡಿಯವರು ಮಾತಾಡುತ್ತಾರೆ.

ಇನ್ನು ಆ 95 ಪರ್ಸೆಂಟ್ ವಿಷಯ. ಇದರಲ್ಲಿ ತಪ್ಪು ನಿಮ್ಮದಲ್ಲ. ವಿಕ್ಟರ್ ವ್ರೂಮ್ ಎಂಬ ಮನಶ್ಶಾಸ್ತ್ರಜ್ಞ 1964ರಲ್ಲೇ ಹೇಳಿದ್ದಾರೆ: ಮನುಷ್ಯ ದುಡಿಯುವ ಮುಂಚೆ ಒಳಗೊಳಗೇ ಮೂರು ಪ್ರಶ್ನೆ ಕೇಳಿಕೊಳ್ಳುತ್ತಾನೆ. ದುಡಿದರೆ ಕೆಲಸ ಆಗುತ್ತಾ? ಕೆಲಸ ಆದರೆ ಪ್ರತಿಫಲ ಸಿಗುತ್ತಾ? ಸಿಗುವುದು ನನಗೆ ಬೇಕಾದದ್ದಾ? ಮೂರನ್ನೂ ಕೂಡುವುದಿಲ್ಲ, ಗುಣಿಸಬೇಕು. ಒಂದು ಸೊನ್ನೆಯಾದರೆ ಎಲ್ಲ ಸೊನ್ನೆ. 22ನೇ ತಾರೀಖಿಗೇ 95 ಮುಟ್ಟಲ್ಲ ಅಂತ ಗೊತ್ತಾದ ಹುಡುಗನಿಗೆ ಮೊದಲ ಉತ್ತರವೇ ಸೊನ್ನೆ. ಅವನು ಉಳಿದ ದಿನ ಚಹಾದಂಗಡಿಯಲ್ಲಿ ಕೂರುತ್ತಾನೆ. ಟಾರ್ಗೆಟ್ ಮುಟ್ಟಿಯಾದವನು ಮಿಕ್ಕ ಆರ್ಡರನ್ನು ಜೇಬಿನಲ್ಲಿಟ್ಟುಕೊಂಡು ಒಂದನೇ ತಾರೀಖಿಗೆ ಕಾಯುತ್ತಾನೆ. ಇಬ್ಬರೂ ಸೋಮಾರಿಗಳಲ್ಲ, ಸ್ಕೀಮ್ ಹೇಳಿಕೊಟ್ಟಂತೆ ನಡೆಯುತ್ತಿದ್ದಾರೆ ಅಷ್ಟೆ. 80 ಪರ್ಸೆಂಟ್‌ನಿಂದಲೇ ಸ್ವಲ್ಪ ಸ್ವಲ್ಪ ಕೊಡಿ ಎಂದು ನಿಮ್ಮ ತಂಡದವರೆಲ್ಲ ಸೇರಿ ಮೇಲ್ ಬರೆಯಿರಿ. ಒಬ್ಬರೇ ಬರೆಯಬೇಡಿ.

ಆ ಮೂರು ಅಂಗಡಿಯ ವಿಷಯ ಮಾತ್ರ ನಿಮ್ಮದೇ.

1998ರ ಮಾರ್ಚ್. ವರ್ಷದ ಕ್ಲೋಸಿಂಗ್. ಜಗಳೂರಿನ ಒಂದು ಕಿರಾಣಿ ಅಂಗಡಿಗೆ ತಲೆಗೆ ಹಚ್ಚುವ ಎಣ್ಣೆಯ ಆರು ಬಾಕ್ಸ್ ಇಳಿಸಿದೆ. ಆ ಅಂಗಡಿಗೆ ತಿಂಗಳಿಗೆ ಒಂದು ಬಾಕ್ಸ್ ಹೋದರೆ ಹೆಚ್ಚು. 'ಯಜಮಾನ್ರೇ, ಏಪ್ರಿಲ್‌ನಲ್ಲಿ ನಾನೇ ವಾಪಸ್ ಎತ್ತಿಸ್ತೀನಿ' ಅಂದೆ. ಏಪ್ರಿಲ್‌ನಲ್ಲಿ ಕಂಪನಿ ವಾಪಸ್ ಇಲ್ಲ ಅಂತು. ನಾನು ಏನು ಮಾಡಿದೆ ಗೊತ್ತಾ? ಆ ರಸ್ತೆಯಲ್ಲಿ ಎದುರು ಸಾಲಿನ ಅಂಗಡಿಗಳನ್ನು ಮಾತ್ರ ಮಾಡಿ, ತಲೆ ತಗ್ಗಿಸಿ ಗಾಡಿ ತಿರುಗಿಸಿದೆ. ಎರಡು ತಿಂಗಳು ಹಾಗೇ. ಜೂನ್‌ನಲ್ಲಿ ಮಳೆ ಬಂತು, ನಿಲ್ಲಲು ಸಿಕ್ಕಿದ್ದು ಅದೇ ಅಂಗಡಿಯ ಚಜ್ಜ.

ಯಜಮಾನರು ಬೈಯಲಿಲ್ಲ. ಒಳಗೆ ಹೋಗಿ ಒಂದು ಬಾಕ್ಸ್ ತಂದು ಕಟ್ಟೆಯ ಮೇಲಿಟ್ಟರು. ಬೇಸಿಗೆಯ ಕಾವಿಗೆ ಎರಡು ಬಾಟ್ಲಿಯ ಮುಚ್ಚಳ ಸಡಿಲಾಗಿ, ಎಣ್ಣೆ ಸೋರಿ, ರಟ್ಟು ನೆನೆದು ಕಪ್ಪಾಗಿತ್ತು. ಲೇಬಲ್ಲು ಕೈಗೇ ಅಂಟಿ ಬಂತು. 'ಮಾಲು ಹೋಗ್ಲಿಲ್ಲ ಅಂತ ಬೇಜಾರಿಲ್ಲ ಕಣಪ್ಪ. ಎದುರಿಗಿನ ಅಂಗ್ಡಿಗೆ ಬಂದು ಇಲ್ಲಿಗೆ ಬರ್ದೇ ಹೋದ್ಯಲ್ಲ' ಅಂದರು. ನಾಲ್ಕು ಬಾಕ್ಸ್ ಗಾಡಿಗೆ ಕಟ್ಟಿ ತಂದೆ. ದುಡ್ಡು ನನ್ನ ಸಂಬಳದಿಂದ, ಎರಡು ಕಂತಿನಲ್ಲಿ. ಮನೆಯಲ್ಲಿ ಆ ವರ್ಷವೆಲ್ಲ ಅದೇ ಎಣ್ಣೆ, ನೆರೆಮನೆಯವರಿಗೂ ಅದೇ. ಎರಡನೇ ಕಂತು ಕೊಟ್ಟ ದಿನ ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ನನ್ನ ಆರ್ಡರ್ ಪುಸ್ತಕದಲ್ಲಿ ತಾವೇ ಬರೆದರು: ಸಣ್ಣ ಬಾಟ್ಲಿ, ಒಂದು ಡಜನ್.

ಕೆನಡಾದ ಮೇಯರ್ ಮತ್ತು ಅಲೆನ್ ಎಂಬ ಇಬ್ಬರು ಸಂಶೋಧಕರು 1991ರಲ್ಲಿ ಬದ್ಧತೆಯನ್ನು ಮೂರು ಬಗೆ ಮಾಡಿದರು. ಇಷ್ಟವಿದ್ದು ಉಳಿಯುವುದು, ಬಿಟ್ಟರೆ ಗತಿಯಿಲ್ಲ ಅಂತ ಉಳಿಯುವುದು, ಬಿಡುವುದು ಸರಿಯಲ್ಲ ಅಂತ ಉಳಿಯುವುದು. ಮಗಳು ಎಂಬಿಎ ಓದುವಾಗ ಇದನ್ನು ತೋರಿಸಿದಳು. ಇಪ್ಪತ್ತು ವರ್ಷ ನಾನು ಎರಡನೆಯದರಲ್ಲೇ ಇದ್ದೆ, ಸಾಲ ಇತ್ತು. ಆದರೆ ಜಗಳೂರಿನ ಆ ಕಟ್ಟೆಯ ವಿಷಯದಲ್ಲಿ ಮೂರನೆಯದು. ಎರಡೂ ಒಬ್ಬನಲ್ಲೇ ಇರಬಹುದು, ಗಾಬರಿಯಾಗಬೇಡಿ.

ನಾಳೆ ಆ ಮೂರು ಅಂಗಡಿಗೆ ಹೋಗಿ. ಆರ್ಡರ್ ಪುಸ್ತಕ ಗಾಡಿಯಲ್ಲೇ ಇರಲಿ. ಎಷ್ಟು ಮಾಲು ಉಳಿದಿದೆ, ಯಾವ ತಾರೀಖಿನದು, ಬರೆದುಕೊಳ್ಳಿ. ತಾರೀಖು ಹತ್ತಿರವಿರುವುದನ್ನು ಓಡುವ ಅಂಗಡಿಗೆ ದಾಟಿಸಲು ಡಿಸ್ಟ್ರಿಬ್ಯೂಟರ್ ಒಪ್ಪುತ್ತಾರಾ ಕೇಳಿ. ಆಗದ್ದಕ್ಕೆ ಆಗಲ್ಲ ಅಂತ ಅವತ್ತೇ ಹೇಳಿ. ಎಎಸ್‌ಎಂ ಮತ್ತೆ 'ಇಳಿಸಿ ಬಾ' ಅಂದರೆ, ಅಂಗಡಿಯ ಹೆಸರು ಅವರೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಲಿ ಅನ್ನಿ. ಬಹುಶಃ ಕಳಿಸುವುದಿಲ್ಲ.

ಪ್ರಶ್ನೆ: ಎರಡು ವರ್ಷದಿಂದ ಜೀವವಿಮೆ ಏಜೆಂಟ್ ಆಗಿದ್ದೇನೆ. ನೆಂಟರು, ಅಕ್ಕಪಕ್ಕದವರು ಎಲ್ಲ ಮುಗಿದರು. ಶುರುವಿನಲ್ಲಿದ್ದ ಉತ್ಸಾಹ ಈಗಿಲ್ಲ. ಏನು ಮಾಡಲಿ?
– ಗೃಹಿಣಿ, ಸಾಗರ

ಉತ್ತರ: ತಾಯೀ, ನೆಂಟರು ಮುಗಿದಿಲ್ಲ, ಅವರ ಎರಡನೇ ವರ್ಷದ ಕಂತು ಬಾಕಿ ಇದೆ. ವಿಮಾ ಕಂಪನಿಗಳು 13ನೇ ತಿಂಗಳು, 25ನೇ ತಿಂಗಳು ಹೀಗೆ 61ನೇ ತಿಂಗಳವರೆಗೆ ಎಷ್ಟು ಪಾಲಿಸಿ ಉಳಿದಿವೆ ಅಂತ ಲೆಕ್ಕ ಇಡುತ್ತವೆ. ನೀವೂ ಒಂದು ನೋಟ್‌ಬುಕ್ಕಿನಲ್ಲಿ ಇಡಿ. ಎಷ್ಟು ಮಾಡಿಸಿದೆ ಅನ್ನುವ ಪುಟಕ್ಕಿಂತ ಎಷ್ಟು ಉಳಿದಿವೆ ಅನ್ನುವ ಪುಟ ತೆರೆದು ನೋಡಿ.

ನಿಮ್ಮ ಕಡೆ ಅಡಿಕೆಯ ದುಡ್ಡು ಬರುವ ಕಾಲ ಬೇರೆ, ಸಂಬಳದವರ ದುಡ್ಡು ಬರುವ ಕಾಲ ಬೇರೆ. ಟಾರ್ಗೆಟ್ ಅಂತ ಮಳೆಗಾಲದಲ್ಲಿ ಮಾಡಿಸಿದ ತೋಟದವರ ಪಾಲಿಸಿಗೆ ಮುಂದಿನ ಮಳೆಗಾಲದಲ್ಲೇ ಕಂತು. ಕೈಯಲ್ಲಿ ಕಾಸಿಲ್ಲ, ನಿಮ್ಮ ಫೋನ್ ಎತ್ತಲ್ಲ. ವಾರ್ಷಿಕ ಕಂತಿಗೆ 30 ದಿನ, ತಿಂಗಳ ಕಂತಿಗೆ 15 ದಿನ ಗ್ರೇಸ್, ಅಂದರೆ ತಡವಾದರೂ ಕಟ್ಟಲು ಬಿಡುವ ಗಡುವು, ಇದೆ. ಅದು ಮುಗಿಯುವ ಮುಂಚೆ ಮನೆಗೆ ಹೋಗಿ ಬನ್ನಿ, ಹೊಸ ಪಾಲಿಸಿಯ ಮಾತೆತ್ತದೆ. ಹಾಗೆ ಹೋದ ಮನೆಯಲ್ಲೇ 'ನಮ್ಮ ಭಾವನೂ ಕೇಳ್ತಿದ್ರು' ಅನ್ನುವ ಮಾತು ಬರುವುದು.

ಪ್ರಶ್ನೆ: ದಿನಾ ಬೆಳಿಗ್ಗೆ ಮೋಟಿವೇಶನ್ ವಿಡಿಯೋ ನೋಡಿದರೆ ಸೇಲ್ಸ್ ಹೆಚ್ಚುತ್ತದೆಯೇ?
– ಓದುಗ, ಹರಿಹರ

ಉತ್ತರ: ಬಸ್ಸು ತಪ್ಪದಿದ್ದರೆ ನೋಡಿ. ಅವುಗಳಲ್ಲಿ ನಿರ್ಮಾದ ಕರ್ಸನ್‌ಭಾಯ್ ಪಟೇಲರ ಕಥೆ ಬಂದೇ ಬರುತ್ತದೆ. 1969ರಲ್ಲಿ ಅಹಮದಾಬಾದಿನಲ್ಲಿ, ಸರ್ಕಾರಿ ನೌಕರಿ ಮಾಡಿಕೊಂಡೇ, ಸೈಕಲ್ ಮೇಲೆ ಮನೆಮನೆಗೆ ಡಿಟರ್ಜೆಂಟ್ ಪುಡಿ ಮಾರಿದವರು. ಎಲ್ಲರೂ ಸೈಕಲ್ ಹೇಳುತ್ತಾರೆ. ಕಿಲೋಗೆ 3 ರೂಪಾಯಿಯ ಆಸುಪಾಸಿನಲ್ಲಿ ಮಾರುತ್ತಿದ್ದರು, ದೊಡ್ಡ ಕಂಪನಿಯ ಪುಡಿಗೆ ಅದರ ಎಷ್ಟೋ ಪಟ್ಟು ಬೆಲೆ ಇತ್ತು ಅನ್ನುವುದನ್ನು ಭಾಷಣಕಾರರು ಬಿಟ್ಟುಬಿಡುತ್ತಾರೆ. ಹರಿಹರದಲ್ಲಿ ನೀವು ಏನು ಮಾರುತ್ತೀರಿ, ಪಕ್ಕದ ಕಂಪನಿಗಿಂತ ಎಷ್ಟು ಹೆಚ್ಚು ಕಮ್ಮಿ, ಅದನ್ನು ಬರೆದಿಲ್ಲವಲ್ಲ. ಮುಂದಿನ ಕಾಗದದಲ್ಲಿ ಬರೆಯಿರಿ.