ಬೆಕ್ಕಿಗೆ ದಿನಾ ಬಂಗುಡೆ ಬೇಡ

ದಿನಾ ಬಂಗುಡೆ ಹಾಕಬಹುದಾ, ಬೆಕ್ಕಿನ ಕೂದಲು ಹೊಳೆಯಲು ಕಾಡ್ ಲಿವರ್ ಎಣ್ಣೆ (ಕಾಡ್ ಅನ್ನೋ ಮೀನಿನ ಲಿವರ್‌ನಿಂದ ತೆಗೆಯುವ ಎಣ್ಣೆ) ಕೊಡಲಾ ಅಂತ ಕೇಳಿದ್ದೀರಿ. ದಿನಾ ಬೇಡ, ವಾರಕ್ಕೆ ಒಂದೆರಡು ಸಲ ಸಾಕು. ಬಂಗುಡೆಯೋ ಬೂತಾಯಿಯೋ, ಉಪ್ಪು ಖಾರ ಹಾಕದೆ ಬೇಯಿಸಿ ಮುಳ್ಳು ಬಿಡಿಸಿ ಕೊಡಿ. ಹಸಿಯಾಗಿ ಬೇಡವೇ ಬೇಡ, ಯಾಕೆಂದರೆ ಕೆಲವು ಮೀನಿನಲ್ಲಿ ಥಯಾಮಿನೇಸ್ ಅನ್ನೋ ಕಿಣ್ವ ಇರುತ್ತದೆ, ಅದು ಬಿ1 ವಿಟಮಿನ್ ಅನ್ನೇ ಹಾಳು ಮಾಡುತ್ತದೆ, ಬೇಯಿಸಿದರೆ ಆ ಕಾಟ ಇಲ್ಲ. ಮೀನು ಸಾರು ಕಲಸಿದ ಅನ್ನ ಹಾಕುವವರು ಬಹಳ ಜನ (ನಮ್ಮಮ್ಮನೂ ಹಾಕುತ್ತಿದ್ದರು!), ಆದರೆ ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತದೆ ಅಲ್ವಾ, ಬೆಕ್ಕಿಗೆ ಅವು ವಿಷ. ಕಾಡ್ ಲಿವರ್ ಎಣ್ಣೆಯಲ್ಲಿ ಎ, ಡಿ ವಿಟಮಿನ್ ಜಾಸ್ತಿ, ಮೈಯಲ್ಲೇ ಉಳಿದು ತೊಂದರೆ ಕೊಡುತ್ತದೆ. ಸಾಲ್ಮನ್ ಮೀನಿನ ಎಣ್ಣೆ ಪರವಾಗಿಲ್ಲ, ಅದೂ ಡಾಕ್ಟರು ತೂಕ ನೋಡಿ ಹೇಳಿದಷ್ಟೇ. ಕೊಬ್ಬರಿ ಎಣ್ಣೆಯಲ್ಲಿ ಒಮೆಗಾ-3 (ಮೀನಿನೆಣ್ಣೆಯಲ್ಲಿರುವ, ಕೂದಲಿಗೆ ಒಳ್ಳೆಯದಾದ ಕೊಬ್ಬು) ಇಲ್ಲ, ಸುಮ್ನೆ ಕೊಬ್ಬು.